ಸಣ್ಣ ಸ್ಪೋರ್ಟಿ ಕಾರಿಗೆ ಹೊಸ ಟೈರ್: ನೀವು ಕೇಳಿ, ಟೈರ್ ಅಂಗಡಿಯವರು ಹೇಳುತ್ತಾರೆ

ಅಡ್ಮಿನ್: ಪೋಲೋ ಜಿಟಿ, ಐ20 ಎನ್ ಲೈನ್, ಸ್ವಿಫ್ಟ್, ಫಿಗೋ ಇಟ್ಟುಕೊಂಡವರು ಒಂದು ವಾರದಿಂದ ಟೈರ್ ಬಗ್ಗೆಯೇ ಕೇಳುತ್ತಿದ್ದೀರಿ. ಹಾಸನದಲ್ಲಿ 22 ವರ್ಷದಿಂದ ಟೈರ್, ಅಲೈನ್‌ಮೆಂಟ್ ಕೆಲಸ ಮಾಡುತ್ತಿರುವ ನಮ್ಮ ಸದಸ್ಯರೊಬ್ಬರು ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಕಾರು, ಟೈರ್ ಅಳತೆ, ಎಷ್ಟು ಓಡಿದೆ, ಎಲ್ಲಿ ಓಡಿಸುತ್ತೀರಿ, ಇಷ್ಟು ಬರೆದು ಕೇಳಿ.

ಸ್ವಿಫ್ಟ್, ತುಮಕೂರು: ನಮಸ್ತೆ ಅಣ್ಣ. 2019ರ ಝಡ್‌ಎಕ್ಸ್‌ಐ, 185/65 ಆರ್15. ಕಂಪನಿ ಟೈರ್ 48 ಸಾವಿರ ಓಡಿದೆ. ಬೆಸ್ಟ್ ಟೈರ್ ಯಾವುದು?

ಟೈರ್ ಅಂಗಡಿ, ಹಾಸನ: ನಮಸ್ತೆ. ಎಲ್ಲದಕ್ಕೂ ಬೆಸ್ಟ್ ಅನ್ನುವ ಟೈರ್ ಇಲ್ಲ. ಮಳೆಯಲ್ಲಿ ಹಿಡಿತ, ಬಾಳಿಕೆ, ಸದ್ದು, ಗುಂಡಿ ತಡೆಯುವ ಶಕ್ತಿ, ಈ ನಾಲ್ಕರಲ್ಲಿ ನಿಮಗೆ ಯಾವುದು ಮುಖ್ಯ ಅಂತ ಮೊದಲು ತೀರ್ಮಾನಿಸಿ. ರಬ್ಬರ್ ಮೆದು ಇದ್ದರೆ ಹಿಡಿತ ಜಾಸ್ತಿ, ಆದರೆ ಬೇಗ ಸವೆಯುತ್ತದೆ. ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆ, ಗಟ್ಟಿ ಇದ್ದರೆ ತಿರುವಿನಲ್ಲಿ ಸ್ಟೀರಿಂಗ್ ಚುರುಕು, ಆದರೆ ಗುಂಡಿಯ ಏಟು ಸೊಂಟಕ್ಕೆ ಬರುತ್ತದೆ. ಮಿಶೆಲಿನ್ ಪ್ರೈಮಸಿ 4ಎಸ್‌ಟಿ, ಕಾಂಟಿನೆಂಟಲ್ ಯುಸಿ6, ಎಂಆರ್‌ಎಫ್ ಪರ್ಫಿನ್ಝಾ, ಅಪೊಲೊ ಆಲ್ನ್ಯಾಕ್ 4ಜಿ, ಸಿಯೆಟ್ ಸೆಕ್ಯುರಾಡ್ರೈವ್ ಇವುಗಳಲ್ಲಿ ನಿಮ್ಮ ಅಳತೆಗೆ ಯಾವುದು ಸಿಗುತ್ತದೆ, ಯಾವುದು ಹೊಸ ತಾರೀಖಿನದು, ಅದನ್ನು ನೋಡಿ.

185/65 ಆರ್15 ಅಂದರೆ ಅಗಲ 185 ಮಿಲಿಮೀಟರ್, ಸೈಡ್‌ವಾಲ್ ಎತ್ತರ ಆ ಅಗಲದ ನೂರಕ್ಕೆ 65ರಷ್ಟು, ರಿಮ್ 15 ಇಂಚು. ಅಳತೆಯ ಪಕ್ಕದಲ್ಲಿ 88 ಎಚ್ ಅಂತೇನೋ ಇರುತ್ತದಲ್ಲ, ಅದನ್ನು ಬಿಡಬೇಡಿ. 88 ಎಂದರೆ ಆ ಟೈರ್ ಹೊರುವ ಭಾರ 560 ಕೆಜಿ. ಟಿ ಅಂದರೆ ಗಂಟೆಗೆ 190, ಎಚ್ ಅಂದರೆ 210, ವಿ ಅಂದರೆ 240 ಕಿಲೋಮೀಟರ್ ತನಕ. ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗಿನದನ್ನು ಹಾಕಿಸಬೇಡಿ. "ನಾನೇನು 200ರಲ್ಲಿ ಹೋಗುತ್ತೇನಾ" ಅನ್ನುವವರು ಇದ್ದಾರೆ. ಆ ಅಕ್ಷರ ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದನ್ನೂ ಹೇಳುತ್ತದೆ.

ಫಿಗೋ, ದಾವಣಗೆರೆ: ಸರ್, ಫಿಗೋಗೆ ಬೆಸ್ಟ್ ಟೈರ್ ಯಾವುದು? ಬಜೆಟ್ ಕಡಿಮೆ.

ಟೈರ್ ಅಂಗಡಿ, ಹಾಸನ: ಮೇಲೆ ಬರೆದಿದ್ದೇನೆ. ಅಳತೆ ಬರೆಯಿರಿ.

ಬಲೆನೋ, ಮೈಸೂರು: ಟೈರ್ ಗಾಳಿ ಎಷ್ಟಿದೆ ಅಂತ ತೋರಿಸುವ ಬ್ಲೂಟೂತ್ ಟಿಪಿಎಂಎಸ್ ಕಿಟ್ ಹಾಕಿಸಬೇಕು. ವಾಲ್ವ್ ಮೇಲೆ ಕೂರಿಸುವುದು ಒಳ್ಳೆಯದಾ, ಒಳಗೆ ಕೂರಿಸುವುದಾ?

ಪೋಲೋ ಜಿಟಿ, ಹಾಸನ: ಸರ್, ಹೋದ ಡಿಸೆಂಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ಟಿಎಸ್‌ಐ ತೆಗೆದುಕೊಂಡೆ. 2018ರ ಗಾಡಿ, 195/55 ಆರ್16, 41 ಸಾವಿರ ಓಡಿದೆ. ಮಗಳಿಗೆ ಮಂಗಳೂರಿನಲ್ಲಿ ಕೆಲಸ. ವಾರಕ್ಕೊಮ್ಮೆ ಶಿರಾಡಿ ಘಾಟಿಯಲ್ಲಿ ಬಂದು ಹೋಗುತ್ತಾಳೆ. ಹೋದ ಭಾನುವಾರ ಜೋರು ಮಳೆ. ಮಾರನಹಳ್ಳಿ ದಾಟಿದ ಮೇಲೆ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಮುಟ್ಟಿದಾಗ ಕಾರಿನ ಹಿಂಭಾಗ ಪಕ್ಕಕ್ಕೆ ಎಳೆದುಕೊಂಡು ಹೋಯಿತಂತೆ. ಎದುರಿಗೆ ಲಾರಿ ಇರಲಿಲ್ಲ, ದೇವರು ದೊಡ್ಡವನು. ವೇಗ 50ರ ಆಸುಪಾಸು ಇತ್ತು ಅನ್ನುತ್ತಾಳೆ. ಗಾಡಿ ಮಾರಿದವರು ಮುಂದಿನ ಎರಡು ಟೈರ್ ಹೊಸದು ಹಾಕಿಸಿಕೊಟ್ಟಿದ್ದರು. ಹಿಂದಿನವುಗಳಲ್ಲೂ ಗ್ರಿಪ್, ಅಂದರೆ ಟೈರ್ ಮೇಲಿನ ಗೆರೆ, ಚೆನ್ನಾಗಿದೆ. ಬ್ರೇಕ್ ತೋರಿಸಿದೆ, ಸರಿ ಇದೆ ಅಂದರು. ಇದಕ್ಕೆ ಟೈರ್ ಕಾರಣ ಇರಬಹುದಾ?

ಟೈರ್ ಅಂಗಡಿ, ಹಾಸನ: ಯಜಮಾನರೇ, ಈಗಲೇ ಗಾಡಿ ಹತ್ತಿರ ಹೋಗಿ ಮೂರು ವಿಷಯ ನೋಡಿ ಹೇಳಿ. ಟೈರ್ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ, ನಾಲ್ಕೂ ಟೈರ್‌ದು. ಹೊರಗಡೆ ಕಾಣದಿದ್ದರೆ ಒಳಮಗ್ಗುಲಲ್ಲಿ ಇರುತ್ತದೆ. ಎರಡನೆಯದು, ಹಿಂದಿನ ಟೈರ್‌ಗಳ ಗ್ರಿಪ್ ಸಂದಿಯಲ್ಲಿ, ಸೈಡ್‌ವಾಲ್‌ನಲ್ಲಿ ಸಣ್ಣ ಸಣ್ಣ ಬಿರುಕು ಇದೆಯಾ. ಮೂರನೆಯದು, ಈಗ ಗಾಳಿ ಎಷ್ಟಿದೆ.

ಐ20 ಎನ್ ಲೈನ್, ಬೆಂಗಳೂರು: ನನ್ನದು 195/55 ಆರ್16. ಹೊರದೇಶದ ವಿಡಿಯೋಗಳಲ್ಲಿ ಹೊಗಳುವ ಸ್ಪೋರ್ಟ್ಸ್ ಟೈರ್ ಒಂದೂ ಇಲ್ಲಿ ಈ ಅಳತೆಯಲ್ಲಿ ಸಿಗುತ್ತಿಲ್ಲ. ಯಾಕೆ?

ಟೈರ್ ಅಂಗಡಿ, ಹಾಸನ: 2020ರ ಜೂನ್‌ನಿಂದ ಟೈರ್ ಆಮದಿಗೆ ಸರ್ಕಾರದ ಲೈಸೆನ್ಸ್ ಬೇಕು. ಇಲ್ಲೇ ತಯಾರಾಗುವ ಅಳತೆಗಳು ಸುಲಭವಾಗಿ ಸಿಗುತ್ತವೆ, ಉಳಿದವಕ್ಕೆ ಕಾಯಬೇಕು. "ಎಲ್ಲಿಂದಲೋ ತರಿಸಿಕೊಡುತ್ತೇನೆ" ಅನ್ನುವವರ ಹತ್ತಿರ ಐಎಸ್‌ಐ ಗುರುತು, ತಾರೀಖು, ಬಿಲ್ ಮೂರನ್ನೂ ಕೇಳಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ.

ಪೋಲೋ ಜಿಟಿ, ಹಾಸನ: ನೋಡಿದೆ ಸರ್. ಮುಂದಿನವು 3224. ಹಿಂದಿನವು 4117. ಹಿಂದೆ ಸಂದಿಯಲ್ಲಿ ಕೂದಲೆಳೆಯಂಥ ಬಿರುಕು ಇದೆ. ಗಾಳಿ ಮುಂದೆ 32, ಹಿಂದೆ 26. ಮಳೆಗಾಲದಲ್ಲಿ ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಅದನ್ನು ನೋಡಿ ನಾನೇ ಕಡಿಮೆ ಮಾಡಿಸಿದ್ದೆ.

ಟೈರ್ ಅಂಗಡಿ, ಹಾಸನ: ಈ ಗಾಡಿಯನ್ನು ಸದ್ಯಕ್ಕೆ ಘಾಟಿಗೆ ಕಳಿಸಬೇಡಿ. ಮಗಳು ಈ ವಾರ ಬಸ್ಸಿನಲ್ಲಿ ಹೋಗಲಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಬೇರೆಯವರೂ ಓದಿ.

4117 ಅಂದರೆ 2017ರ 41ನೇ ವಾರ. ಗಾಡಿಯ ಜೊತೆ ಬಂದ ಟೈರ್ ಅವು, ಎಂಟು ವರ್ಷ ಆಗುತ್ತಾ ಬಂತು. ಗ್ರಿಪ್ ಇದೆ ಅಂದಿರಿ. ಇರಬಹುದು. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಟೈರ್ ನಿಧಾನಕ್ಕೆ ಸವೆಯುತ್ತದೆ. ಆದರೆ ರಬ್ಬರ್ ಬಿಸಿಲಿಗೆ, ಗಾಳಿಗೆ, ವಯಸ್ಸಿಗೆ ಒಣಗಿ ಗಟ್ಟಿಯಾಗುತ್ತದೆ. ಕೂದಲೆಳೆ ಬಿರುಕು ಅದರದ್ದೇ ಗುರುತು. ಹೊಸ ಟೈರ್‌ಗೆ ಉಗುರು ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ. ನಿಮ್ಮ ಹಿಂದಿನ ಟೈರ್‌ಗೆ ಒತ್ತಿ ನೋಡಿ, ಮರದ ಹಲಗೆ ಹಾಗೆ ಇರುತ್ತದೆ. ಅಂಥ ರಬ್ಬರ್ ಒಣ ರಸ್ತೆಯಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತದೆ. ಒದ್ದೆ ಕಾಂಕ್ರೀಟ್ ಮೇಲೆ ಕೈಕೊಡುತ್ತದೆ.

ಈಗ ನಿಜವಾದ ತಪ್ಪು. ಹೊಸ ಟೈರ್ ಎರಡೇ ಹಾಕಿಸುವುದಾದರೆ ಅವು ಹಿಂದಕ್ಕೆ ಹೋಗಬೇಕು. ಮುಂದಿನ ಚಕ್ರ ಎಳೆಯುವ ಗಾಡಿಯಾದರೂ ಸರಿ. ಇದನ್ನು ಹೇಳಿದರೆ ಗಿರಾಕಿಗಳು ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. "ಎಂಜಿನ್ ಮುಂದೆ, ಸ್ಟೀರಿಂಗ್ ಮುಂದೆ, ಹೊಸ ಟೈರ್ ಹಿಂದೆ ಯಾಕೆ" ಅಂತ. ಮುಂದಿನ ಟೈರ್ ಜಾರಿದರೆ ಗಾಡಿ ನೇರ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ವೇಗ ಇಳಿದು ಮತ್ತೆ ಹಿಡಿತಕ್ಕೆ ಬರುವ ಅವಕಾಶ ಇರುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ರ‍್ಯಾಲಿ ಓಡಿಸುವವರಿಗೂ ಕಷ್ಟ. ನಿಮ್ಮ ಗಾಡಿಯಲ್ಲಿ ಮುಂದೆ ಹೊಸ ಟೈರ್, ಚೆನ್ನಾಗಿ ಕಚ್ಚುತ್ತಿದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದ ಕೂಡಲೇ ಭಾರ ಮುಂದಕ್ಕೆ ಬರುತ್ತದೆ, ಹಿಂದೆ ಹಗುರ ಆಗುತ್ತದೆ. ಅಲ್ಲಿ ಗಟ್ಟಿ ರಬ್ಬರ್, ಸಾಲದ್ದಕ್ಕೆ 26 ಗಾಳಿ. ಗಾಳಿ ಕಡಿಮೆ ಇದ್ದರೆ ಟೈರ್ ನಡುಭಾಗ ರಸ್ತೆಯನ್ನು ಸರಿಯಾಗಿ ಒತ್ತುವುದಿಲ್ಲ, ನೀರನ್ನು ಪಕ್ಕಕ್ಕೆ ತಳ್ಳುವ ಶಕ್ತಿ ಕುಂದುತ್ತದೆ. 50ರಲ್ಲೇ ಜಾರಿದ್ದು ನನಗೆ ಆಶ್ಚರ್ಯ ಅಲ್ಲ. ಮಗಳ ಓಡಿಸುವಿಕೆಯಲ್ಲಿ ತಪ್ಪು ಹುಡುಕಬೇಡಿ.

ಜಿಟಿ ಟಿಎಸ್‌ಐಗೆ ಇಎಸ್‌ಪಿ, ಅಂದರೆ ಗಾಡಿ ಜಾರಿದಾಗ ತಾನೇ ಸರಿಮಾಡಲು ನೋಡುವ ವ್ಯವಸ್ಥೆ, ಇದೆ. ಅವತ್ತು ಅದೂ ಕಾಪಾಡಿರಬಹುದು. ಆದರೆ ಇಎಸ್‌ಪಿ ಬ್ರೇಕ್ ಹಿಡಿದು ಗಾಡಿ ಸರಿಮಾಡುವುದು ಅದೇ ನಾಲ್ಕು ಟೈರ್ ಮೂಲಕ ತಾನೇ? ಟೈರ್ ಹಿಡಿಯದಿದ್ದರೆ ಅದೇನು ಮಾಡಲು ಸಾಧ್ಯ?

ಗಾಳಿ ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿದೆ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು ಅಷ್ಟೇ ಹಾಕಿಸಿ. ಜನ, ಲಗೇಜು ತುಂಬಿದಾಗಿನ ಲೆಕ್ಕವೂ ಅಲ್ಲೇ ಇರುತ್ತದೆ.

ಪೋಲೋ ಜಿಟಿ, ಹಾಸನ: ಓದಿ ಕೈಕಾಲು ತಣ್ಣಗಾಯಿತು ಸರ್. ಮಗಳಿಗೆ ಫೋನ್ ಮಾಡುತ್ತೇನೆ.

ಬಲೆನೋ, ಮೈಸೂರು: ಗಾಳಿ ವಿಷಯ ಬಂದಿದ್ದಕ್ಕೆ ಇದನ್ನೂ ಹಾಕುತ್ತೇನೆ. ಫಾರ್ವರ್ಡ್ ಬಂದಿದ್ದು: "ಬೇಸಿಗೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಗೆ ಹೋಗುವ ಮುಂಚೆ 5 ಪಿಎಸ್‌ಐ ಗಾಳಿ ಇಳಿಸಿ. ಬಿಸಿಗೆ ಗಾಳಿ ಉಬ್ಬಿ ಟೈರ್ ಸಿಡಿಯುತ್ತದೆ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ."

ಟೈರ್ ಅಂಗಡಿ, ಹಾಸನ: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಇದು ಪೂರಾ ಉಲ್ಟಾ. ಗಾಳಿ ಕಡಿಮೆ ಇದ್ದಾಗಲೇ ಟೈರ್ ಸಿಡಿಯುವ ಅಪಾಯ ಜಾಸ್ತಿ. ಗಾಳಿ ಕಡಿಮೆ ಇದ್ದರೆ ಪ್ರತಿ ಸುತ್ತಿಗೂ ಸೈಡ್‌ವಾಲ್ ಮಡಚಿ ಬಿಚ್ಚುತ್ತದೆ. ತಂತಿಯನ್ನು ಮಡಚಿ ಬಿಚ್ಚಿ ಮಾಡಿದರೆ ಕೈಗೆ ಬಿಸಿ ಹತ್ತುವುದಿಲ್ಲವಾ, ಹಾಗೇ. 100ರ ವೇಗದಲ್ಲಿ ಇದೇ ನಡೆಯುತ್ತಿದ್ದರೆ ಒಳಗಿನ ಪದರ ಬಿಡಬಹುದು. ಓಡುವಾಗ ಗಾಳಿ ಮೂರು ನಾಲ್ಕು ಪಿಎಸ್‌ಐ ಏರುವುದು ಸಹಜ. ಚೀಟಿಯಲ್ಲಿರುವ ಲೆಕ್ಕ ತಣ್ಣಗಿನ ಟೈರ್‌ದು, ಈ ಏರಿಕೆ ಗೊತ್ತಿದ್ದೇ ಬರೆದದ್ದು. ದಾರಿ ಮಧ್ಯೆ ಬಿಸಿ ಟೈರ್‌ನಿಂದ ಗಾಳಿ ಬಿಡಬೇಡಿ.

ಬಲೆನೋ, ಮೈಸೂರು: ಹಾಗಾದರೆ ನೈಟ್ರೋಜನ್?

ಟೈರ್ ಅಂಗಡಿ, ಹಾಸನ: ಮಾಮೂಲಿ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿ. 15 ದಿನಕ್ಕೊಮ್ಮೆ ಚೆಕ್ ಮಾಡಿಸುವುದು ಮಾತ್ರ ತಪ್ಪುವುದಿಲ್ಲ.

ಸ್ವಿಫ್ಟ್, ತುಮಕೂರು: ಅಣ್ಣ, 205/65 ಆರ್15 ಹಾಕಿಸೋಣ ಅಂತಿದ್ದೇನೆ. ನೋಡಲು ಗಟ್ಟಿಮುಟ್ಟು, ರೋಡಿಗೂ ಅಂಟಿಕೊಳ್ಳುತ್ತದೆ ಅಲ್ವಾ?

ಫಿಗೋ, ದಾವಣಗೆರೆ: ಬೇಡ ಗುರು. ಮೈಲೇಜ್ ಬಿದ್ದುಹೋಗುತ್ತದೆ. ಪಿಕಪ್ ಕೂಡ ಸಾಯುತ್ತದೆ.

ಐ20 ಎನ್ ಲೈನ್, ಬೆಂಗಳೂರು: ಒಂದು ಕಿಲೋಮೀಟರ್ ಮೈಲೇಜ್‌ಗೆ ಹೆದರುವವರು ಸ್ಪೋರ್ಟಿ ಕಾರು ಯಾಕೆ ತೆಗೆದುಕೊಳ್ಳುತ್ತಾರೆ? ಅಗಲ ಟೈರ್ ಹಾಕಿದ ಮೇಲೆ ತಿರುವಿನಲ್ಲಿ ಬರುವ ಧೈರ್ಯವೇ ಬೇರೆ.

ಫಿಗೋ, ದಾವಣಗೆರೆ: ಧೈರ್ಯ ಬಂದರೆ ಹಿಡಿತ ಬಂದ ಹಾಗೆ ಅಲ್ಲ. 185/65 ಆರ್15 ಎತ್ತರ ಸುಮಾರು 621 ಮಿಲಿಮೀಟರ್. 205/65 ಸುಮಾರು 647. ನೂರಕ್ಕೆ ನಾಲ್ಕರಷ್ಟು ದೊಡ್ಡದು. ಮೀಟರ್ 100 ತೋರಿಸುವಾಗ ಮೊದಲಿಗಿಂತ 4 ಕಿಲೋಮೀಟರ್ ಜಾಸ್ತಿ ಹೋಗುತ್ತಿರುತ್ತೀರಿ.

ಐ20 ಎನ್ ಲೈನ್, ಬೆಂಗಳೂರು: ಕಂಪನಿ ಮೀಟರ್ ಹೇಗೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಲೆಕ್ಕ ಗೊತ್ತಿದೆ ಅಂತ ಎಲ್ಲರಿಗೂ ಪಾಠ ಮಾಡಬೇಡಿ.

ಫಿಗೋ, ದಾವಣಗೆರೆ: ಪಾಠ ಅಲ್ಲ ರೀ, ಕೇಳಿದವರಿಗೆ ಹೇಳಿದೆ. ನೀವು 195ರಲ್ಲೇ ಓಡಿಸಿಕೊಂಡು ಅವರಿಗೆ 205 ಹಾಕಿಸಲು ಹೇಳುತ್ತಿದ್ದೀರಿ.

ಐ20 ಎನ್ ಲೈನ್, ಬೆಂಗಳೂರು: ನನ್ನ ಹಳೆಯ ಗಾಡಿಗೆ ಹಾಕಿಸಿದ್ದೆ. ಅನುಭವ ಇಲ್ಲದೆ ಮಾತಾಡುತ್ತಿಲ್ಲ.

ಟೈರ್ ಅಂಗಡಿ, ಹಾಸನ: ಇಬ್ಬರೂ ನಿಲ್ಲಿಸಿ. 205/65 ಬೇಡ. ಮಡ್‌ಗಾರ್ಡ್ ಒಳಗೆ ತಗಲುವ ಅಪಾಯ ಇದೆ, ಎಬಿಎಸ್, ಮೀಟರ್ ಎರಡರ ಲೆಕ್ಕವೂ ಹೆಚ್ಚುಕಡಿಮೆ ಆಗುತ್ತದೆ. ನಿಂತ ನೀರಿನಲ್ಲಿ ಅಗಲ ಟೈರ್ ಬೇಗ ತೇಲುತ್ತದೆ. ಬದಲಾಯಿಸಲೇಬೇಕು ಅಂದರೆ 195/60 ಆರ್15 ನೋಡಿ, ಎತ್ತರ ಸುಮಾರು 615 ಬರುತ್ತದೆ. ಭಾರದ ಅಂಕಿ 88ಕ್ಕೆ ಕಡಿಮೆ ಆಗಬಾರದು. ನನ್ನನ್ನು ಕೇಳಿದರೆ ಕಂಪನಿ ಅಳತೆಯಲ್ಲೇ ಒಳ್ಳೆಯ ಟೈರ್ ಹಾಕಿಸಿ.

ಫಿಗೋ, ದಾವಣಗೆರೆ: ಸರ್, ಒಂದು ವಿಡಿಯೋ ಬಂದಿದೆ. ಬೋಳಾದ ಟೈರ್‌ಗೆ ಬಿಸಿ ಬ್ಲೇಡ್‌ನಲ್ಲಿ ಹೊಸ ಗ್ರೂವ್ ಕೊರೆಯುತ್ತಾರೆ. ಮತ್ತೆ 15 ಸಾವಿರ ಓಡುತ್ತದಂತೆ. ಮಾಡಿಸಬಹುದಾ?

ಟೈರ್ ಅಂಗಡಿ, ಹಾಸನ: ಕಾರ್ ಟೈರ್‌ಗೆ ಮಾಡಬಾರದು. ಗ್ರೂವ್ ಅಡಿಯಲ್ಲಿ ಉಕ್ಕಿನ ತಂತಿಯ ಬೆಲ್ಟ್ ಇದೆ. ಕೊರೆದರೆ ಅದರ ಮೇಲಿನ ರಬ್ಬರ್ ತೆಳ್ಳಗಾಗುತ್ತದೆ, ಕೆಲವು ಕಡೆ ತಂತಿಯೇ ಹೊರಬರುತ್ತದೆ. ನೀರು ಇಳಿದು ತುಕ್ಕು ಹಿಡಿಯುತ್ತದೆ. ಗ್ರೂವ್ ಒಳಗೆ ಸಣ್ಣ ಉಬ್ಬುಗಳಿವೆ, ಎತ್ತರ 1.6 ಮಿಲಿಮೀಟರ್. ಗ್ರಿಪ್ ಸವೆದು ಅದಕ್ಕೆ ಸಮ ಆದರೆ ಟೈರ್ ಕಥೆ ಮುಗಿಯಿತು. ಘಾಟಿಯಲ್ಲಿ ಓಡಾಡುವವರು 3 ಮಿಲಿಮೀಟರ್‌ಗೇ ಬದಲಾಯಿಸಿ.

ಇನ್ನೊಂದು ಮಾತು. ಹೊಳಪಿಗೆ ಡೀಸೆಲ್, ಸೀಮೆಎಣ್ಣೆ ಹಚ್ಚುವ ವಿಡಿಯೋವನ್ನೂ ಯಾರೋ ನನಗೆ ಖಾಸಗಿಯಾಗಿ ಕಳಿಸಿದ್ದೀರಿ. ಅವು ರಬ್ಬರನ್ನು ತಿನ್ನುತ್ತವೆ. ಸೋಪು ನೀರು ಸಾಕು. ಇನ್ನು ಯಾರೂ ನನಗೆ ವಿಡಿಯೋ ಕಳಿಸಬೇಡಿ.

ಬಲೆನೋ, ಮೈಸೂರು: ಟಿಪಿಎಂಎಸ್ ಬಗ್ಗೆ ಕೇಳಿದ್ದೆ.

ಐ20 ಎನ್ ಲೈನ್, ಬೆಂಗಳೂರು: ಗುಂಡಿಗೆ ಬಿದ್ದು ಮುಂದಿನ ಎಡ ಟೈರ್ ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಪಂಚರ್ ಅಂಗಡಿಯಲ್ಲಿ ಒಳಗೆ ಪ್ಯಾಚ್ ಹಾಕಿ ಟ್ಯೂಬ್ ಹಾಕಿದರೆ ಒಂದು ವರ್ಷ ಓಡುತ್ತದೆ ಅಂದರು.

ಟೈರ್ ಅಂಗಡಿ, ಹಾಸನ: ಒಳಗಿನ ದಾರದ ಪದರ ಹರಿದಿದೆ. ಗಾಳಿಯನ್ನು ಬರೀ ರಬ್ಬರ್ ಹಿಡಿದುಕೊಂಡಿದೆ. ಪ್ಯಾಚ್, ಟ್ಯೂಬ್ ಯಾವುದೂ ಆ ದಾರವನ್ನು ಜೋಡಿಸುವುದಿಲ್ಲ. ಇವತ್ತೇ ಸ್ಟೆಪ್ನಿ ಹಾಕಿ. ತಿರುವಿನಲ್ಲಿ ಧೈರ್ಯ ಅಂತ ಬರೆಯುವ ಮೊದಲು ಇದನ್ನು ಕೇಳಬೇಕಿತ್ತು ನೀವು.

ಐ20 ಎನ್ ಲೈನ್, ಬೆಂಗಳೂರು: ಇಷ್ಟು ಗಡುಸಾಗಿ ಹೇಳುವ ಅಗತ್ಯ ಇರಲಿಲ್ಲ.

ಸ್ವಿಫ್ಟ್, ತುಮಕೂರು: 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ.

ಟೈರ್ ಅಂಗಡಿ, ಹಾಸನ: ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಿ. ರಿಮ್ ಬಗ್ಗಿದೆಯಾ ನೋಡಿಸಿ.

ಹೊಸ ಸದಸ್ಯರು, ಶಿವಮೊಗ್ಗ: ಸರ್ ಪೋಲೋಗೆ ಬೆಸ್ಟ್ ಟೈರ್ ಯಾವುದು?

ಟೈರ್ ಅಂಗಡಿ, ಹಾಸನ: ಮೇಲಿಂದ ಓದಿಕೊಂಡು ಬನ್ನಿ.

ಅಡ್ಮಿನ್: ಎಲ್ಲರೂ ಮೇಲಿನದನ್ನು ಓದಿ ಕೇಳಿ. ಇನ್ನು ಫಾರ್ವರ್ಡ್ ಹಾಕಿದರೆ ತೆಗೆದುಬಿಡುತ್ತೇನೆ.

ಪೋಲೋ ಜಿಟಿ, ಹಾಸನ: ಸರ್, ಮಗಳು ಬಸ್ಸಿಗೆ ಒಪ್ಪಿದಳು. ಉಗುರು ಒತ್ತಿ ನೋಡಿದೆ, ನೀವು ಹೇಳಿದ ಹಾಗೇ ಇದೆ. ಎರಡು ಹಾಕಿಸಿದರೆ ಸಾಕಾ, ನಾಲ್ಕೂ ಬೇಕಾ?

ಟೈರ್ ಅಂಗಡಿ, ಹಾಸನ: ಎರಡು ಸಾಕು. ಮುಂದಿರುವವು 2024ರ 32ನೇ ವಾರದವು, ಇನ್ನೂ ಬಾಳುತ್ತವೆ. ಸಾಧ್ಯವಾದರೆ ಅದೇ ಕಂಪನಿಯ ಅದೇ ಮಾದರಿ ಹಾಕೋಣ, ಹೊಸ ಎರಡು ಹಿಂದಕ್ಕೆ. ವಾಲ್ವ್ ಕೂಡ ಹೊಸದು ಹಾಕುತ್ತೇನೆ. ಹಾಕಿಸಿದ ಮೇಲೆ ಮೊದಲ 200–300 ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು. ಹೊಸ ರಬ್ಬರ್ ಮೇಲಿನ ನುಣುಪು ಹೋಗುವವರೆಗೆ ಪೂರ್ತಿ ಹಿಡಿತ ಬರುವುದಿಲ್ಲ. ಅಷ್ಟನ್ನು ನೀವೇ ಊರೊಳಗೆ ಓಡಿಸಿ, ಆಮೇಲೆ ಮಗಳಿಗೆ ಕೊಡಿ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಬರುವ ಮುಂಚೆ ಹಿಂದಿನ ಗಾಳಿ ಸರಿ ಮಾಡಿಸಿಕೊಳ್ಳಿ, ಮಳೆ ಇದ್ದರೆ ನಿಲ್ಲುವ ತನಕ ಕಾಯಿರಿ. ಸ್ಟೆಪ್ನಿಯನ್ನೂ ಇಳಿಸಿ ತಾರೀಖು ನೋಡೋಣ. ಅದೂ 2017ರದ್ದೇ ಇರಬೇಕು.