ಗೊಂಡೆಯ ಬೀಜ ಬೇಕಾದರೆ ಬಿತ್ತನೆ ಯಾವಾಗ?

ಪ್ರಶ್ನೆ (ನೀರ್ಚಾಲಿನಿಂದ): ಮಾನ್ಯರೇ, ಓಣಂ ಹೂವಿನ ಆಸೆಯಿಂದ ಜೂನ್ ಮೊದಲ ವಾರ ಎತ್ತರ ಜಾತಿಯ ಗೊಂಡೆ (ಚೆಂಡುಹೂ) ಬಿತ್ತಿದ್ದೆ. ಗಿಡ ಸೊಂಪಾಗಿ ಬೆಳೆದು ಹೂವೂ ಸಿಕ್ಕಿತು. ಆದರೆ ಬೀಜಕ್ಕೆಂದು ಗಿಡದಲ್ಲೇ ಬಿಟ್ಟ ಹೂಗಳೆಲ್ಲ ಕೊಳೆತುಹೋದವು. ಪುನಃ ಜನವರಿಯಲ್ಲಿ ಬಿತ್ತಿದಾಗ ಗೇಣುದ್ದದ ಗಿಡಗಳೇ ಮೊಗ್ಗು ಬಿಟ್ಟವು, ಬೀಜ ಬಹುಪಾಲು ಜೊಳ್ಳು. ಬೀಜಕ್ಕಾಗಿಯೇ ಬೆಳೆಯುವುದಾದರೆ ಯಾವಾಗ ಬಿತ್ತಬೇಕು?

ಉತ್ತರ: ನಮಸ್ಕಾರ. ಎರಡೂ ಸಲ ಬೀಜ ಕೆಟ್ಟಿದೆಯಾದರೂ ಕಾರಣ ಒಂದೇ ಅಲ್ಲ. ಕಾಸರಗೋಡಿನಲ್ಲಿ ಜೂನ್ ಕೊನೆಯ ಹಗಲು ಡಿಸೆಂಬರಿನದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಗಂಟೆ ದೊಡ್ಡದು. ಎತ್ತರ ಜಾತಿಯ ಗೊಂಡೆ ಹಗಲು ಕಿರಿದಾದಷ್ಟೂ ಬೇಗ ಮೊಗ್ಗು ಕಟ್ಟುವ ಗಿಡವಾದ್ದರಿಂದ, ಜೂನಿನಲ್ಲಿ ಬಿತ್ತಿದ್ದು ಮಳೆ, ಗೊಬ್ಬರ ಉಂಡು ಮೊದಲು ಮೈ ಬೆಳೆಸಿಕೊಳ್ಳುತ್ತದೆ. ಜನವರಿಯದ್ದು ರೆಂಬೆ ಒಡೆಯುವ ಮೊದಲೇ ಹೂವಿಗೆ ತಿರುಗುತ್ತದೆ. ಅಷ್ಟು ಪುಟ್ಟ ಗಿಡಕ್ಕೆ ಬೀಜ ತುಂಬಿಸುವ ತ್ರಾಣವಿರುವುದಿಲ್ಲ, ಜೊತೆಗೆ ಬೀಜ ಬಲಿಯುವ ಹೊತ್ತಿಗೆ ಮಾರ್ಚ್-ಏಪ್ರಿಲ್ ತಿಂಗಳ ಸೆಕೆ.

ಆದರೂ ನಮ್ಮ ಊರಿನ ಮಟ್ಟಿಗೆ ಬೀಜಕ್ಕೆ ಹಗಲಿಗಿಂತ ದೊಡ್ಡ ಶತ್ರು ಮಳೆ. ಹೂ ಅರಳಿದ ಮೇಲೆ ಬೀಜ ಬಲಿಯಲು ಸುಮಾರು 35ರಿಂದ 40 ದಿನ ಬೇಕು. ಅಷ್ಟು ದಿನ ಮಳೆಗೆ ಸಿಕ್ಕಿದ ತುಂಬುದಳದ ಹೂವು ನೀರು ಹಿಡಿದುಕೊಂಡು ಬೂಷ್ಟು ಬಂದು ಕೊಳೆಯದೆ ಉಳಿಯುವುದು ಕಷ್ಟ. ಪರಾಗಸ್ಪರ್ಶ ಮಾಡಬೇಕಾದ ಜೇನ್ನೊಣವೂ ಜಡಿಮಳೆಯಲ್ಲಿ ಗೂಡು ಬಿಟ್ಟು ಹೊರಡುವುದಿಲ್ಲ. ಹೂವಿಗೆ ಬಿತ್ತುವವರು ಹಬ್ಬದಿಂದ ಹಿಂದಕ್ಕೆ ಎಣಿಸುವಂತೆ, ಬೀಜಕ್ಕೆ ಬಿತ್ತುವವರು ಒಣ ಹವೆಯಿಂದ ಹಿಂದಕ್ಕೆ ಎಣಿಸಬೇಕು. ಜನವರಿ ಮಧ್ಯದಲ್ಲಿ ಬೀಜ ಕೊಯ್ಯಬೇಕಾದರೆ ಡಿಸೆಂಬರ್ ಮೊದಲ ಭಾಗದಲ್ಲಿ ಹೂ ಅರಳಬೇಕು; ಅದಕ್ಕೆ ಸೆಪ್ಟೆಂಬರ್ 20ರ ಆಸುಪಾಸಿನಲ್ಲಿ ಮಾಡಿನಡಿ ಟ್ರೇಯಲ್ಲಿ ಬಿತ್ತಿ, ತುಲಾ ಸಂಕ್ರಮಣ ಕಳೆದ ಮೇಲೆ 25-30 ದಿನದ ಸಸಿಯನ್ನು ಏರುಮಡಿಯಲ್ಲಿ ನೆಡಬೇಕು. ಆಗಿನ ಮಳೆ ಸಸಿ ಬೇರೂರುವುದಕ್ಕೆ ಒದಗುತ್ತದೆ, ಏರುಮಡಿಯಿದ್ದರೆ ಬುಡದಲ್ಲಿ ನೀರು ನಿಲ್ಲುವುದಿಲ್ಲ. ನೆಟ್ಟ ಮೂರು ವಾರಕ್ಕೆ ಕುಡಿ ಚಿವುಟಿದರೆ ಹೂ ವಾರ-ಹತ್ತು ದಿನ ತಡವಾಗುತ್ತದೆ, ಆದರೆ ರೆಂಬೆ ಹೆಚ್ಚುವುದರಿಂದ ಆ ವಿಳಂಬ ನಷ್ಟವಲ್ಲ.

ಮರುಪ್ರಶ್ನೆ (ಪೆರ್ಲದಿಂದ): ಬಲಿತ ಬೀಜವನ್ನು ಗುರುತಿಸುವುದು ಹೇಗೆ? ಪೇಟೆಯ ಪ್ಯಾಕೆಟ್ ಬೀಜದಿಂದ ಬೆಳೆದ ಗಿಡದ ಬೀಜವನ್ನು ಇಟ್ಟುಕೊಳ್ಳಬಹುದೇ? ಆಸ್ಟರಿಗೂ ಇದೇ ಲೆಕ್ಕವೇ?

ಉತ್ತರ: ಹೂವಿನ ಕೆಳಗಿನ ಹಸಿರು ಬಟ್ಟಲು ಕಂದಾಗಿ ಒಣಗಿದ ಮೇಲೆ ಒಂದನ್ನು ಸೀಳಿ ನೋಡಿ. ಒಳ್ಳೆಯ ಬೀಜ ಕಪ್ಪಾಗಿ ಸೂಜಿಯಂತೆ ಸೆಟೆದಿರುತ್ತದೆ, ಅದರ ತಲೆಯಲ್ಲಿ ಬಿಳಿಚಿದ ಹೊಟ್ಟಿನ ಗರಿಯಿರುತ್ತದೆ. ಬೆರಳಲ್ಲಿ ಒತ್ತಿದಾಗ ಬಾಗಿ ಚಪ್ಪಟೆಯಾಗುವುದು ಜೊಳ್ಳು. ಪ್ಯಾಕೆಟಿನ ಮೇಲೆ ಎಫ್-1 (ಎರಡು ತಳಿ ಬೆರೆಸಿ ಪಡೆದ ಮೊದಲ ತಲೆಮಾರಿನ ಬೀಜ) ಎಂದಿದ್ದರೆ ಬೀಜ ಇಡುವ ಶ್ರಮ ಬೇಡ, ಮರುವರ್ಷದ ಗಿಡಗಳು ಒಂದೇ ತೆರನಾಗಿ ಬರುವುದಿಲ್ಲ. ಎಫ್-1 ಅಲ್ಲದಿದ್ದರೂ ಪಕ್ಕದಂಗಳದಲ್ಲಿ ಬೇರೆ ಬಣ್ಣದ ಗೊಂಡೆಯಿದ್ದರೆ ಜೇನ್ನೊಣ ಬೆರೆಸಿಯೇ ಬೆರೆಸುತ್ತದೆ. ಆಸ್ಟರ್ ಬೀಜವೂ ಒಣ ಹವೆಯಲ್ಲೇ ಬಲಿಯಬೇಕು. ಆದರೆ ಅದರ ಮೊಳೆಯುವ ಶಕ್ತಿ ಬೇಗ ಕುಂದುವುದರಿಂದ, ಜನವರಿಯಲ್ಲಿ ಕೊಯ್ದದ್ದನ್ನು ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಅದೇ ಸೆಪ್ಟೆಂಬರಿನಲ್ಲಿ ಬಿತ್ತಿಬಿಡಿ.