ಎಣ್ಣೆ ಹೊಟ್ಟೆ ಮೇಲೆ ಇಳಿಯದ ಜಾಡಿ ಮಾಡುವುದು ಹೇಗೆ? ಗಿಂಡಿಯ ಮೂತಿ ಇಟ್ಟರೆ ಆಗುತ್ತದಾ?

ಅಡ್ಕದ_ಅಕ್ಕ (ಪೆರ್ಲ)

ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ಮೂರು ವರ್ಷದಿಂದ ನನ್ನ ತಲೆ ತಿನ್ನುತ್ತಿದೆ.

ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ. ತೋಟದ ಕಾಯಿ ಒಣಗಿಸಿ, ಕೊಪ್ಪರ ಮಾಡಿ, ಮಿಲ್ಲಿನಲ್ಲಿ ಎಣ್ಣೆ ತೆಗೆಸುತ್ತೇವೆ. ಮನೆ ಖರ್ಚಿಗೆ ಇಟ್ಟು ಉಳಿದದ್ದು ಗುರ್ತದವರಿಗೆ. ತಿಂಗಳಿಗೆ ಮೂವತ್ತು ಲೀಟರ್ ಹೋದರೆ ಹೆಚ್ಚು. ವ್ಯಾಪಾರ ಅಂತ ಹೇಳಲಿಕ್ಕೂ ನಾಚಿಕೆ.

ತೊಂದರೆ ಇರುವುದು ಜಾಡಿಯಲ್ಲಿ. ಒಗ್ಗರಣೆಗೆ ಒಂದು ಚಮಚ ಬಗ್ಗಿಸುತ್ತೇನೆ. ಸೌಟಿಗೆ ಬಿದ್ದದ್ದು ಬಿತ್ತು. ಕೊನೆಯ ಹನಿ ಮಾತ್ರ ತುಟಿಯ ಅಡಿಯಿಂದ ಹಿಂದಕ್ಕೆ ತಿರುಗಿ, ಹೊಟ್ಟೆ ಮೇಲೆ ಇಳಿದು, ಬುಡಕ್ಕೆ ಹೋಗಿ ಕೂರುತ್ತದೆ. ಬೆಳಿಗ್ಗೆ ನೋಡಿದರೆ ಶೆಲ್ಫಿನಲ್ಲಿ ಒಂದು ಉಂಗುರ. ಪೇಪರ್ ಹಾಸಿದೆ. ಪೇಪರ್ ಜಾಡಿಗೇ ಅಂಟಿಕೊಂಡು ಬಂತು. ಕಳೆದ ವಾರ ಜಾಡಿಯ ಬುಡದಲ್ಲಿ ಅಡಿಕೆ ಧಾರಣೆ ಓದಿದೆ, ಉಲ್ಟಾ.

ಇನ್ನೊಂದು ಕಥೆ. ಮಗಳು ಓದುವುದು ಮಂಗಳೂರಿನಲ್ಲಿ. ಕುಂಬಳೆಯಲ್ಲಿ ರೈಲು ಹತ್ತಿಸುವಾಗ ಬ್ಯಾಗಿನಲ್ಲಿ ಒಂದು ಲೀಟರ್ ಎಣ್ಣೆ ಇಟ್ಟು ಕಳಿಸಿದ್ದೆ. ಮುಚ್ಚಳ ನಾನೇ ಬಿಗಿ ಮಾಡಿದ್ದು, ಕೈ ಕೆಂಪಾಗುವಷ್ಟು. ಆದರೂ ಸೋರಿ, ಅವಳ ಆರು ತಿಂಗಳ ನೋಟ್ಸ್ ಎಣ್ಣೆಯಲ್ಲಿ ಕರಿದ ಹಪ್ಪಳದ ಹಾಗೆ ಆಯಿತು. ಎರಡು ದಿನ ಫೋನ್ ಎತ್ತಲಿಲ್ಲ.

ಮೊನ್ನೆ ಮನೆಯಲ್ಲಿ ಪೂಜೆ. ಬಂದವರಿಗೆ ಕಾಲು ತೊಳೆಯಲು ಗಿಂಡಿಯಲ್ಲಿ ನೀರು ಕೊಡುವಾಗ ನೋಡಿದೆ. ಎಷ್ಟು ಚಂದ ಸಣ್ಣ ಧಾರೆ! ಮೂತಿಯ ಅಡಿಗೆ ಒಂದು ಹನಿ ಹೋಗುವುದಿಲ್ಲ. ಹಾಗಾದರೆ ಎಣ್ಣೆ ಜಾಡಿಗೆ ಗಿಂಡಿಯ ಮೂತಿ ಯಾಕೆ ಇಡಬಾರದು ಅಂತ, ಸ್ಟೀಲ್ ಡಬ್ಬಿಗೆ ಒಂದು ಮೂತಿ ಬೆಸುಗೆ ಹಾಕಿಸಿದೆ. ಮುಚ್ಚಳ ಬಿಗಿ ಇದ್ದರೆ ಎಣ್ಣೆ ಬರುವುದೇ ಇಲ್ಲ. ಬಂದರೆ ಗುಳುಕ್ ಗುಳುಕ್ ಅಂತ ಒಮ್ಮೆಲೇ ಅರ್ಧ ಸೌಟು. ಮುಚ್ಚಳ ಸಡಿಲ ಮಾಡಿದರೆ ಧಾರೆ ಸರಿ, ಆದರೆ ಕೊನೆಯ ಹನಿ ಮತ್ತೆ ಅದೇ ದಾರಿ. ಮೇಲಿಂದ ಮೂತಿಯೊಳಗೆ ಇರುವೆ.

ನಾನು ತಪ್ಪಿದ್ದು ಎಲ್ಲಿ? ಇಂಥ ಜಾಡಿ ಸರಿಯಾಗಿ ಮಾಡಿಸಬೇಕಾದರೆ ಎಂತ ನೋಡಬೇಕು? ಅದೇ ನಮೂನೆ ಜಾಡಿ ಫಿನಾಯಿಲಿಗೂ ಪಾತ್ರೆ ತೊಳೆಯುವ ಲಿಕ್ವಿಡ್ಡಿಗೂ ಆಗುತ್ತದಾ?

ಸುಮ್ನೆ_ಓದುವವ

ಅಡಿಗೆ ಒಂದು ತಟ್ಟೆ ಇಡಿ ಮಾರಾಯ್ರೆ. ಮುಗೀತು.

ಅಡ್ಕದ_ಅಕ್ಕ

ತಟ್ಟೆ ಇಟ್ಟಾಗಿದೆ. ಆ ತಟ್ಟೆ ತೊಳೆಯುವವರು ಯಾರು, ನೀವು ಬರುತ್ತೀರಾ?

ವಿದ್ಯಾನಗರದ_ಹುಡುಗ

ಅಕ್ಕಾ, ನನ್ನ ಹತ್ತಿರ ತ್ರೀಡಿ ಪ್ರಿಂಟರ್ ಉಂಟು. ಅಳತೆ ಕೊಟ್ಟರೆ ಮಾದರಿ ಮಾಡಿ ಕೊಡುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಕಳೆದ ವರ್ಷ ಅಮ್ಮನಿಗೆ ಅಂತ ಇಡೀ ಎಣ್ಣೆ ಬಾಟ್ಲಿಯನ್ನೇ ಪಿಎಲ್ಎ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ್ದೆ. ಎಲ್ಲಿಯೂ ತೂತಿಲ್ಲ. ಆದರೂ ಮರುದಿನಕ್ಕೆ ಹೊರಗೆಲ್ಲ ಬೆವರಿದ ಹಾಗೆ ಎಣ್ಣೆ. ಪದರದ ಮೇಲೆ ಪದರ ಕೂರಿಸಿ ಮಾಡುವುದಲ್ವಾ, ಆ ಸಂದಿಯಲ್ಲಿ ಜಿನುಗುತ್ತದೆ. ಸಂದಿಯಲ್ಲಿ ಕೂತದ್ದನ್ನು ತೊಳೆಯಲಿಕ್ಕೂ ಆಗುವುದಿಲ್ಲ. 60 ಡಿಗ್ರಿ ಹತ್ತಿರ ಹೋದರೆ ಮೆತ್ತಗೂ ಆಗುತ್ತದೆ. ಹಾಗಾಗಿ ಮೂತಿಯ ಆಕಾರ ಪರೀಕ್ಷೆ ಮಾಡಲು ಮಾತ್ರ ಪ್ರಿಂಟ್. ತಿನ್ನುವ ಎಣ್ಣೆ ಇಡಲು ಬೇಡ.

ಬೈಕಂಪಾಡಿ_ಅಚ್ಚು (ಈಗ ಮಂಜೇಶ್ವರ)

ಇಪ್ಪತ್ತೆರಡು ವರ್ಷ ಪ್ಲಾಸ್ಟಿಕ್ ಮೋಲ್ಡಿಂಗಿನಲ್ಲಿ ಕೆಲಸ ಮಾಡಿದವ ನಾನು. ಮುಚ್ಚಳ ನೋಡಿ ನೋಡಿ ಕಣ್ಣು ಮಂಜಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಆ ಬೆಸುಗೆ. ತವರದ ಬೆಸುಗೆಯಲ್ಲಿ ಸೀಸ ಇರುವುದು ಜಾಸ್ತಿ. ತಿನ್ನುವ ಎಣ್ಣೆಗೆ ಆ ಡಬ್ಬಿ ಇವತ್ತೇ ನಿಲ್ಲಿಸಿ ಅಕ್ಕ. ದೀಪದ ಎಣ್ಣೆಗೆ ಇಟ್ಟುಕೊಳ್ಳಿ.

ನೀವು ಎರಡು ರೋಗಕ್ಕೆ ಒಂದೇ ಮದ್ದು ಹುಡುಕುತ್ತಿದ್ದೀರಿ. ರೈಲಿನಲ್ಲಿ ಆದದ್ದು ಸೋರಿದ್ದು. ಶೆಲ್ಫಿನಲ್ಲಿ ಆಗುವುದು ಇಳಿದದ್ದು. ಮುಚ್ಚಳ ಎಷ್ಟೇ ಬಿಗಿ ಇರಲಿ, ಬಗ್ಗಿಸುವಾಗ ಹೊರಗೆ ಹೋದ ಹನಿಗೆ ಅದು ಎಂತ ಮಾಡೀತು?

ಸೋರುವ ಕಥೆ ಮೊದಲು. ತಿರುಪಿನಿಂದಲೇ ಎಣ್ಣೆ ನಿಲ್ಲುತ್ತದೆ ಅಂತ ಜನ ತಿಳಿಯುತ್ತಾರೆ. ತಿರುಪು ಬರೀ ಒತ್ತಿ ಹಿಡಿಯುವುದಕ್ಕೆ. ಎಣ್ಣೆ ತಡೆಯುವುದು ಬಾಟ್ಲಿಯ ಬಾಯಿಯ ಅಂಚೂ ಮುಚ್ಚಳದ ಒಳಗಿನ ವಾಷರೂ ಸೇರುವ ಜಾಗ. ಆ ಅಂಚು ಸಪಾಟಾಗಿರಬೇಕು. ಉಗುರು ಆಡಿಸಿ ನೋಡಿ, ಅಚ್ಚಿನ ಎರಡು ಭಾಗ ಸೇರಿದಲ್ಲಿ ಒಂದು ಸಣ್ಣ ಗೆರೆ ಸಿಕ್ಕಿದರೆ ಎಣ್ಣೆಗೆ ಅದೇ ರಸ್ತೆ. ವಾಷರ್ ಸಿಲಿಕಾನಿನದ್ದು ಹಾಕಿ. ಮಾಮೂಲು ರಬ್ಬರ್ ಬೇಡ. ನಮ್ಮ ತೋಟದ ರಬ್ಬರೇ ಆದರೂ ಎಣ್ಣೆ ಕುಡಿದು ಉಬ್ಬುತ್ತದೆ, ಆಮೇಲೆ ಮೆತ್ತಗಾಗಿ ಹರಿಯುತ್ತದೆ. ಕೈ ಕೆಂಪಾಗುವಷ್ಟು ಬಿಗಿ ಮಾಡಿದಿರಿ ಅಂದಿರಲ್ಲ, ಅದೂ ತಪ್ಪೇ. ತೆಳು ಮುಚ್ಚಳ ಹಾಗೆ ಬಿಗಿದರೆ ನಡು ಉಬ್ಬಿ ಅಂಚಿನ ಹಿಡಿತ ಸಡಿಲವಾಗುತ್ತದೆ.

ಇನ್ನೊಂದು, ಬಾಟ್ಲಿ ಕಂಠದವರೆಗೆ ತುಂಬಿಸಿದ್ದಿರಿ, ಹೌದಲ್ವಾ? ಎಲ್ಲರೂ ಹಾಗೇ ಮಾಡುವುದು, ಕಡಿಮೆ ಕೊಟ್ಟ ಹಾಗೆ ಕಾಣಬಾರದು ಅಂತ. ಒಂದು ಲೀಟರ್ ಎಣ್ಣೆ 15 ಡಿಗ್ರಿ ಬಿಸಿ ಏರಿದರೆ ಹತ್ತು ಮಿಲಿಯಷ್ಟು ಹಿಗ್ಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ತುಂಬಿಸಿದ್ದು, ಮಧ್ಯಾಹ್ನ ರೈಲಿನಲ್ಲಿ ಬ್ಯಾಗಿನೊಳಗೆ ಬಿಸಿ. ಜಾಗ ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು? ಎರಡು ಬೆರಳು ಖಾಲಿ ಬಿಡಿ.

ಪರೀಕ್ಷೆಗೆ ಪಂಕ್ಚರ್ ಅಂಗಡಿಯ ಉಪಾಯ ಸಾಕು. ಖಾಲಿ ಜಾಡಿಗೆ ಮುಚ್ಚಳ ಹಾಕಿ, ಬಕೆಟಿನ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಬಿಸಿಯಾಗಿ ಹೊರಗೆ ಬರಲು ನೋಡುತ್ತದೆ. ಗುಳ್ಳೆ ಎಲ್ಲಿಂದ ಬರುತ್ತದೋ ಅಲ್ಲಿ ರೋಗ.

ಈಗ ಇಳಿಯುವ ಕಥೆ. ಬಟ್ಟೆ ಒಗೆಯುವ ಲಿಕ್ವಿಡ್ಡಿನ ದೊಡ್ಡ ಬಾಟ್ಲಿಯ ಮುಚ್ಚಳ ತೆಗೆದು ಒಳಗೆ ನೋಡಿ. ನಡುವಿನಲ್ಲಿ ದೋಣಿಯ ಮೂತಿಯ ಹಾಗೆ ಒಂದು ತುಟಿ. ಅದರ ಸುತ್ತ ಚರಂಡಿ. ಚರಂಡಿ ಹಿಂದಕ್ಕೆ ಇಳಿಜಾರು, ಹಿಂದೆ ಒಂದು ತೂತು. ತುಟಿಯಿಂದ ಹೊರಗೆ ಇಳಿದ ಹನಿ ಜಾಡಿಯ ಹೊಟ್ಟೆಗೆ ಹೋಗುವುದಿಲ್ಲ, ಚರಂಡಿಗೆ ಬಿದ್ದು ತೂತಿನಿಂದ ಪುನಃ ಒಳಗೆ. ಹನಿ ಬೀಳದ ಹಾಗೆ ಮಾಡಲು ಒದ್ದಾಡುವುದಕ್ಕಿಂತ, ಬಿದ್ದ ಹನಿಯನ್ನು ಮನೆಗೆ ಕಳಿಸುವುದು ಸುಲಭ. ಮುಚ್ಚಳ ಚರಂಡಿಯ ಹೊರ ಅಂಚಿನ ಮೇಲೆ ಕೂರುತ್ತದೆ, ಹಾಗಾಗಿ ಇರುವೆಗೂ ದಾರಿ ಇಲ್ಲ. ಆ ತೂತಿಗೆ ಇನ್ನೊಂದು ಕೆಲಸ ಉಂಟು. ಜಾಡಿ ಬಗ್ಗಿಸಿದಾಗ ಹಿಂದಿನ ತೂತು ಮೇಲೆ ಬರುತ್ತದೆ, ಅದರಿಂದ ಗಾಳಿ ಒಳಗೆ ಹೋಗುತ್ತದೆ. ನಿಮ್ಮ ಗುಳುಕ್ ಗುಳುಕ್ ನಿಲ್ಲುತ್ತದೆ.

ಜಾಡಿಯ ಬಾಯಿ ಮಾತ್ರ ನಿಮ್ಮ ಕೈ ಹೋಗುವಷ್ಟು ಅಗಲ ಇರಲಿ, ತುಟಿ ಚರಂಡಿ ಎಲ್ಲ ತೆಗೆದು ತೊಳೆಯುವ ಹಾಗಿರಲಿ. ಹಳೆ ಎಣ್ಣೆ ಮೂಲೆಯಲ್ಲಿ ಕೂತರೆ ಕಮಟು ವಾಸನೆ ಹೊಸ ಎಣ್ಣೆಗೂ ಹತ್ತುತ್ತದೆ.

ಫಿನಾಯಿಲಿಗೆ ಅದೇ ನಮೂನೆ ಜಾಡಿ ಖಂಡಿತ ಬೇಡ. ಬಿಳಿ ಫಿನಾಯಿಲ್ ನೋಡಲು ಮಜ್ಜಿಗೆಯ ಹಾಗೆ. ಮಕ್ಕಳು ಬಿಡಿ, ದೊಡ್ಡವರೇ ಕತ್ತಲೆಯಲ್ಲಿ ಮೋಸ ಹೋಗುತ್ತಾರೆ. ಅದು ಬಂದ ಬಾಟ್ಲಿಯಲ್ಲೇ, ಚೀಟಿ ಸಮೇತ ಇರಲಿ.

ನಿವೃತ್ತ_ಮಾಷ್ಟ್ರು (ಕುಂಬಳೆ)

ಮೇಲಿನವರು ಕೈಯ ಅನುಭವ ಹೇಳಿದ್ದಾರೆ. ಗಿಂಡಿಯ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ಚಟ.

ನಿಧಾನ ಬಗ್ಗಿಸಿದಾಗ ದ್ರವ ತುಟಿಯನ್ನು ಸುತ್ತಿಕೊಂಡು ಅಡಿಗೆ ಹೋಗುವುದಕ್ಕೆ ಚಹಾ ಕುಡಿಕೆಯ ಹೆಸರೇ ಇದೆ, ಟೀಪಾಟ್ ಎಫೆಕ್ಟ್ ಅಂತ. 1956ರಲ್ಲಿ ಮಾರ್ಕಸ್ ರೈನರ್ ಎಂಬ ವಿಜ್ಞಾನಿ ಆ ಹೆಸರಲ್ಲಿ ಬರೆದರು. ಮರುವರ್ಷ ಜೋಸೆಫ್ ಕೆಲ್ಲರ್ ಲೆಕ್ಕ ಹಾಕಿ, ಅಂಟಿಕೊಳ್ಳುವ ಗುಣ ಒಂದೇ ಕಾರಣ ಅಲ್ಲ ಅಂದರು. ತುಟಿಯ ಹತ್ತಿರ ತಿರುಗುವ ದ್ರವದಲ್ಲಿ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಅದನ್ನು ಗೋಡೆಗೆ ಒತ್ತುತ್ತದೆ. ಹನಿ ಬೀಳದ ಕುಡಿಕೆಯ ಮೂತಿಯ ಲೆಕ್ಕಕ್ಕೆ ಕೆಲ್ಲರ್ ಮತ್ತು ವಾಂಡೆನ್-ಬ್ರೋಕ್ ಅವರಿಗೆ 1999ರಲ್ಲಿ ಇಗ್ ನೊಬೆಲ್ ಬಂತು. ಅದು ನಗಿಸುವ ಪ್ರಶಸ್ತಿ. ಆದರೆ ಲೆಕ್ಕ ನಗೆಯದ್ದಲ್ಲ.

ಗಿಂಡಿಯ ಮೂತಿ ಸಪೂರ. ನೀರು ವೇಗದಲ್ಲಿ ಹಾರಿ ಹೋಗುತ್ತದೆ, ಹಿಂದಕ್ಕೆ ತಿರುಗಲು ಪುರುಸೊತ್ತೇ ಇಲ್ಲ. ಮೇಲಿನ ಬಾಯಿ ತೆರೆದಿರುವುದರಿಂದ ಗಾಳಿಗೂ ಅಡ್ಡಿ ಇಲ್ಲ. ಎಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ, ನಿಧಾನ ಬರುತ್ತದೆ. ಎಣ್ಣೆಯ ಮೇಲ್ಮೈ ಸೆಳೆತ ನೀರಿನದ್ದರ ಅರ್ಧಕ್ಕಿಂತ ಕಡಿಮೆ. ಅಂದರೆ ನೀರು ಗುಂಡಗೆ ಹನಿಯಾಗಿ ಬೀಳುವಲ್ಲಿ ಎಣ್ಣೆ ಹರಡಿ ಹಬ್ಬುತ್ತದೆ. ಹಾಗಾಗಿ ಅಕ್ಕ ತಪ್ಪಿದ್ದು ಗಿಂಡಿಯಲ್ಲಿ ಅಲ್ಲ, ದ್ರವದಲ್ಲಿ.

ತುಟಿಯ ಅಂಚು ಬಾಳೆ ಎಲೆಯ ಅಂಚಿನಷ್ಟು ತೆಳು ಇರಲಿ, ತುದಿ ಸ್ವಲ್ಪ ಕೆಳಗೆ ಬಾಗಲಿ. ಉರುಟು ಅಂಚು ಮಾಡಿದರೆ ಎಣ್ಣೆಗೆ ತಿರುಗಲು ಹಾದಿ ಮಾಡಿಕೊಟ್ಟ ಹಾಗೆ. ಬಗ್ಗಿಸಿ ಮುಗಿಸುವಾಗ ಅಳುಕಬೇಡಿ, ಜಾಡಿಯನ್ನು ಚಕ್ಕನೆ ಎತ್ತಿ. ಅನುಮಾನ ಮಾಡಿ ಮೆಲ್ಲ ಎತ್ತುವವರ ಮನೆಯ ಶೆಲ್ಫೇ ಎಣ್ಣೆಯಾಗುವುದು.

ಅಡ್ಕದ_ಅಕ್ಕ

ಮಾಷ್ಟ್ರೆ, ಮೆಲ್ಲ ಎತ್ತುವುದು ನಮ್ಮ ಅತ್ತೆ. ಈ ಮಾತು ಅವರಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಅಡ್ಕದ_ಅಕ್ಕ (ಐದು ವಾರದ ನಂತರ)

ಮಾಡಿ ನೋಡಿದೆ. ಏನಾಯಿತು ಅಂತ ಬರೆಯುತ್ತೇನೆ.

ಬಟ್ಟೆಯ ಲಿಕ್ವಿಡ್ಡಿನ ಖಾಲಿ ಬಾಟ್ಲಿ ತೊಳೆದು ದೀಪದ ಎಣ್ಣೆ ಹಾಕಿ ದೇವರ ಕೋಣೆಯಲ್ಲಿಟ್ಟೆ. ಅಡಿಗೆ ಖಾಕಿ ಕಾಗದ. ಖಾಕಿ ಕಾಗದ ಸುಳ್ಳು ಹೇಳುವುದಿಲ್ಲ, ಒಂದು ಹನಿ ತಾಗಿದರೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಒಂದು ವಾರ ಎರಡು ಹೊತ್ತು ಬಗ್ಗಿಸಿದೆ. ಕಾಗದ ಒಣಗಿದ್ದು ಹಾಗೇ ಇತ್ತು. ಅಡುಗೆಮನೆಯ ಜಾಡಿಯ ಅಡಿಯ ಕಾಗದ ಮೊದಲ ದಿನವೇ ಉಂಗುರ ತೊಟ್ಟಿತು.

ಆಮೇಲೆ ವಿದ್ಯಾನಗರದ ತಮ್ಮ ಬಂದು ಅಗಲ ಬಾಯಿಯ ಗಾಜಿನ ಜಾಡಿಯ ಅಳತೆ ತೆಗೆದು, ತುಟಿ ಚರಂಡಿ ಎಲ್ಲ ಇರುವ ಒಂದು ಬಳೆ ಪ್ರಿಂಟ್ ಮಾಡಿ ತಂದ. ಮೊದಲನೆಯದ್ದರ ತುಟಿ ದಪ್ಪ, ಎಣ್ಣೆ ಹಿಂದೆ ತಿರುಗಿ ಚರಂಡಿ ತುಂಬಿತು. ಎರಡನೆಯದ್ದರ ಅಂಚನ್ನು ಉಪ್ಪು ಕಾಗದದಲ್ಲಿ ನಾನೇ ಉಜ್ಜಿ ತೆಳು ಮಾಡಿದೆ. ಇಪ್ಪತ್ತು ಸಲ ಬಗ್ಗಿಸಿದರೂ ಹೊಟ್ಟೆ ಒಣ. ಗುಳುಕ್ ಸದ್ದೂ ಇಲ್ಲ. ಅತ್ತೆ ಬಂದು ಅವರ ನಮೂನೆಯಲ್ಲೇ ಮೆಲ್ಲ ಎತ್ತಿದರು. ಆಗಲೂ ಇಳಿಯಲಿಲ್ಲ.

ಬಿಸಿನೀರಿನ ಪರೀಕ್ಷೆಯಲ್ಲಿ ಮಗಳ ಬಾಟ್ಲಿಯ ಕಳ್ಳತನ ಸಿಕ್ಕಿತು. ಬಾಯಿಯ ಅಂಚಿನಲ್ಲಿ ಒಂದು ಗೆರೆ, ಅಲ್ಲಿಂದಲೇ ಗುಳ್ಳೆಯ ಸರ.

ಆದರೆ ಹೊಸ ತಲೆನೋವು ಬಂದಿದೆ. ಈಗ ಡಿಸೆಂಬರ್. ಬೆಳಿಗ್ಗೆ ಇಲ್ಲಿ ಚಳಿ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವುದು ಎಲ್ಲರಿಗೂ ಗೊತ್ತು. ಜಾಡಿಯೊಳಗಿನದ್ದು ಒಲೆಯ ಬದಿ ಇಟ್ಟರೆ ಕರಗುತ್ತದೆ. ಚರಂಡಿಯ ತೂತಿನಲ್ಲಿ ಕೂತ ನಾಲ್ಕು ಹನಿ ಮಾತ್ರ ಬೆಣ್ಣೆಯ ಹಾಗೆ ಬಿರಡೆ ಹಾಕಿಬಿಡುತ್ತದೆ. ನಿನ್ನೆ ಬೆಳಿಗ್ಗೆ ಬಗ್ಗಿಸಿದರೆ ಗಾಳಿಗೆ ದಾರಿ ಇಲ್ಲದೆ ಪುನಃ ಗುಳುಕ್, ಚರಂಡಿ ತುಂಬಿ ಒಲೆಕಟ್ಟೆ ಮೇಲೆ.

ಬೈಕಂಪಾಡಿ_ಅಚ್ಚು

ತೂತು ಎಷ್ಟು ದೊಡ್ಡದು ಇಟ್ಟಿದ್ದೀರಿ?

ವಿದ್ಯಾನಗರದ_ಹುಡುಗ

3 ಮಿಲಿಮೀಟರ್ ಅಣ್ಣ.

ಬೈಕಂಪಾಡಿ_ಅಚ್ಚು

ಅದು ಸಾಬೂನು ನೀರಿಗೆ ಸಾಕು, ತೆಂಗಿನೆಣ್ಣೆಗೆ ಸಾಲದು. ಉರುಟು ತೂತು ಬಿಟ್ಟು ಉದ್ದ ಸೀಳು ಮಾಡು ತಮ್ಮ, ಅಗಲ 8 ಇರಲಿ. ಸೀಳನ್ನು ತುಟಿಯ ಬುಡದವರೆಗೆ ಎಳೆ, ಹನಿ ನಿಲ್ಲಲು ಜಾಗವೇ ಇರಬಾರದು. ಇಳಿಜಾರು ಈಗಿನದ್ದಕ್ಕಿಂತ ದುಪ್ಪಟ್ಟು.

ವಿದ್ಯಾನಗರದ_ಹುಡುಗ

ಆಯ್ತು. ಭಾನುವಾರ ತರುತ್ತೇನೆ ಅಕ್ಕಾ.

ಅಡ್ಕದ_ಅಕ್ಕ

ಬೆಳಿಗ್ಗೆ ಏಳರ ಒಳಗೆ ಬಾ. ಆಮೇಲೆ ಬಿಸಿಲು ಬಂದು ಎಲ್ಲ ಕರಗಿದರೆ ಪರೀಕ್ಷೆ ಆಗುವುದಿಲ್ಲ. ತಿಂಡಿ ಇಲ್ಲೇ, ನೀರುದೋಸೆ. ಕಾವಲಿಗೆ ಎಣ್ಣೆ ನೀನೇ ಬಗ್ಗಿಸು.