ಸಹಾಯ ಬೇಕು: ಪಾಗ್ ದ್ವೀಪದಲ್ಲಿ ಬುರಾ ಗಾಳಿ, ಸೇತುವೆ ದಾಟೋದು ಹೇಗೆ?

ಸೈಕಲ್‌ನಲ್ಲಿ ಸುತ್ತುತ್ತಾ ಕ್ರೊಯೇಷಿಯಾದ ಪಾಗ್ ದ್ವೀಪದಲ್ಲಿದ್ದೀನಿ. ಬೆಳಿಗ್ಗೆ ಆಚೆ ದಡದ ಪ್ರಿಜ್ನಾದಿಂದ ಫೆರ್ರಿಯಲ್ಲಿ ಬಂದೆ, ಸಂಜೆಯೊಳಗೆ ದ್ವೀಪವನ್ನ ಮುಖ್ಯ ಭೂಭಾಗಕ್ಕೆ ಸೇರಿಸೋ ದಕ್ಷಿಣದ ಪಾಗ್ ಸೇತುವೆ ದಾಟೋ ಲೆಕ್ಕ. ನೊವಾಲ್ಯಾ ಪಟ್ಟಣ ದಾಟುತ್ತಲೇ ಈಶಾನ್ಯದಿಂದ ಬುರಾ, ಅಂದ್ರೆ ಇಲ್ಲಿನ ಜೋರು ಚಳಿಗಾಳಿ, ಎದ್ದಿತು. ಎಲ್ಲೆಲ್ಲೂ ಬೋಳು ಬಿಳಿ ಕಲ್ಲು, ಗಾಳಿಗೆ ಅಡ್ಡ ಒಂದು ಮರವೂ ಇಲ್ಲ. ಎಡಗಡೆಯಿಂದ ಬೀಸಿದಾಗಲೆಲ್ಲ ಸೈಕಲ್ ರಸ್ತೆಯಂಚಿಗೆ ಜಾರುತ್ತೆ. ತುಟಿಯೆಲ್ಲ ಉಪ್ಪುಪ್ಪು.

ಭಾರದ ಸಾಮಾನನ್ನ ಸೈಕಲ್‌ನಲ್ಲೇ ತಗ್ಗಿಗೆ ಕಟ್ಟಿದೆ, ಸಣ್ಣ ಗೇರ್ ಹಾಕಿದೆ, ಕೊನೆಗೆ ಇಳಿದು ತಳ್ಳಿದೆ. ಈಗ ಕುರಿಗಳ ಕಲ್ಲುಗೋಡೆ ಮರೆಯಲ್ಲಿ ಕೂತಿದ್ದೀನಿ. ಜೋರು ಬುರಾ ಇದ್ದರೆ ಸೇತುವೆ ಮೇಲೆ ಮೋಟಾರ್‌ಸೈಕಲ್‌ ಬಿಡಲ್ಲವಂತೆ. ಹಿಂದೆ ಹೋಗೋಣ ಅಂದ್ರೆ ಫೆರ್ರಿಯೂ ನಿಲ್ಲಬಹುದು. ನನಗೆ ತಿಳಿಯದಿರೋದು ಇಷ್ಟೇ: ಇಂಥ ಗಾಳಿಯಲ್ಲಿ ಆ ಸೇತುವೆ ಮೇಲೆ ಸೈಕಲ್ ತಳ್ಳಿಕೊಂಡು ಹೋಗೋಕೆ ಬಿಡ್ತಾರಾ, ಇಲ್ಲಾ ಪಾಗ್ ಪಟ್ಟಣದಲ್ಲೇ ಉಳಿದುಕೊಳ್ಳಲಾ? ದಾಟಿದವರಿದ್ದರೆ ದಯವಿಟ್ಟು ಹೇಳಿ.